ಮೂರನೆಯ ಕಂಬದ ಪಕ್ಕ ಕೂರುತ್ತಿದ್ದ ಅವ್ವ

ಬೆಳ್ಳುಳ್ಳಿ ಎಣ್ಣೆಯಲ್ಲಿ ಕಾಯುವ ವಾಸನೆ ಒಗ್ಗರಣೆಯದಾದರೆ ನನಗೆ ಏನೂ ಆಗುವುದಿಲ್ಲ. ಒಗ್ಗರಣೆಯಲ್ಲಿ ಸಾಸಿವೆ ಇರುತ್ತದೆ, ಕರಿಬೇವು ಇರುತ್ತದೆ, ಮೆಣಸಿನಕಾಯಿಯ ಘಾಟು ಇರುತ್ತದೆ. ಇವು ಯಾವುವೂ ಇಲ್ಲದೆ ಬರೀ ಎಳ್ಳೆಣ್ಣೆಯಲ್ಲಿ ಬರೀ ಬೆಳ್ಳುಳ್ಳಿ ಕಾಯುವ ವಾಸನೆ ಬೇರೆ. ಮೊನ್ನೆ ಸಂಜೆ ಅದು ಅಡುಗೆಮನೆಯಿಂದ ಬಂತು. ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟೆ. ಮತ್ತೆ ಬಿಚ್ಚಿದೆ. ಎದ್ದು ಕಿಟಕಿಯವರೆಗೆ ಹೋಗಿ ಬಂದೆ. ಕೂರಲಾಗಲಿಲ್ಲ. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತಾಗ ಸೊಸೆ ಸಣ್ಣ ಸೌಟಿನಲ್ಲಿ ಎಣ್ಣೆ ಹಿಡಿದು ಒಲೆಯ ಮುಂದೆ ನಿಂತಿದ್ದಳು. ಮೊಮ್ಮಗಳಿಗೆ ಬೆಳಗಿನಿಂದ ಕಿವಿನೋವು.

"ಎರಡು ತೊಟ್ಟು ಬಿಟ್ರೆ ಸರಿಹೋಗುತ್ತೆ ಅತ್ತೆ" ಅಂದಳು.

"ಬೇಡ."

ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಅವಳು ಬೆಚ್ಚಿ ನನ್ನ ಮುಖ ನೋಡಿದಳು. ಕಾರಣ ಹೇಳಲು ಹೊರಟರೆ ಮೇಲೂರಿನವರೆಗೆ ಹೋಗಬೇಕಾಗಿತ್ತು... ಅಲ್ಲಿಗೆ ನಾನು ತುಂಬ ವರ್ಷಗಳಿಂದ ಹೋಗಿಲ್ಲ.

ಅದು ಐವತ್ತರ ದಶಕದ ಕೊನೆ. ಚಿಂತಾಮಣಿಯಿಂದ ನನ್ನನ್ನು ಮೇಲೂರಿನ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಹಾಕಿದ್ದರು. ಆಗ ನನಗೆ ಮದುವೆಯಾಗಿರಲಿಲ್ಲ. ಒಂದು ಹಳೆಯ ಒಕ್ಕಲು ಮನೆಯ ಪಕ್ಕದ ಕೋಣೆ ಬಾಡಿಗೆಗೆ ಸಿಕ್ಕಿತು. ನನ್ನ ಕೋಣೆಗೂ ಅವರು ರೇಷ್ಮೆ ಹುಳ ಸಾಕುತ್ತಿದ್ದ ಕೋಣೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಮನೆಯ ಹಿರಿಯಳನ್ನು ಊರೆಲ್ಲ ಅವ್ವ ಎನ್ನುತ್ತಿತ್ತು. ನಾನೂ ಅವ್ವ ಎಂದೆ.

ಹೋದ ಹೊಸದರಲ್ಲಿ ಒಂದು ಸಂಜೆ ಹೊರಗೆ ಮಳೆ ಹನಿಯುವ ಸದ್ದು ಕೇಳಿಸಿತು. ಒಣಹಾಕಿದ್ದ ಸೀರೆ ನೆನೆಯುತ್ತದೆಂದು ಅಂಗಳಕ್ಕೆ ಓಡಿದೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ನಾನು ಸೀರೆ ಹಿಡಿದು ಮೇಲೆ ನೋಡುತ್ತ ನಿಂತದ್ದನ್ನು ಕಂಡು ಅವ್ವ ಜಗಲಿಯ ಮೇಲೆ ಕೂತೇ ನಕ್ಕರು.

"ಮಳೆ ಅಲ್ಲ ಕಣಮ್ಮ. ನನ್ನ ಮಕ್ಳು ಉಣ್ತಾ ಅವೆ."

ರೇಷ್ಮೆ ಹುಳ ಪೊರೆ ಬಿಡುವ ಮೊದಲು ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ಅಲ್ಲಿಯವರು ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಹುಳಕ್ಕೆ ಹಸಿವು ವಿಪರೀತ. ಹಾಕಿದ ಹಿಪ್ಪುನೇರಳೆ ಸೊಪ್ಪು ಹಾಕಿದ ಹಾಗೆಯೇ ಮಾಯ. ಕೋಣೆಯ ತುಂಬ ಅಟ್ಟಣೆಗಳಲ್ಲಿ ಒಂದರ ಮೇಲೊಂದು ಬಿದಿರಿನ ತಟ್ಟೆಗಳು, ಎಲ್ಲದರಲ್ಲೂ ಸಾವಿರಾರು ಬಾಯಿ ಒಟ್ಟಿಗೆ ಮೇಯುವಾಗ ಆ ತುಂತುರು ಮಳೆಯ ಸದ್ದು.

ಆ ಸದ್ದನ್ನು ಕೇಳುವುದೇ ಅವ್ವನ ಕೆಲಸವಾಗಿತ್ತು. ಬಾಗಿಲಲ್ಲಿ ನಿಂತು ಕಣ್ಣು ಮುಚ್ಚುತ್ತಿದ್ದರು. ತಲೆಯನ್ನು ಅತ್ತ ಇತ್ತ ಸ್ವಲ್ಪ ತಿರುಗಿಸುತ್ತಿದ್ದರು. ಆಮೇಲೆ ಬೆರಳು ಚಾಚಿ, "ಆ ಕಡೆ, ಮೇಲಿಂದ ಎರಡನೇದು. ಸೊಪ್ಪು ಮುಗ್ದೋಗೈತೆ ನೋಡೇ" ಎಂದು ಸೊಸೆಗೆ ಹೇಳುತ್ತಿದ್ದರು. ಸೊಸೆ ಏಣಿ ಹತ್ತಿ ನೋಡಿದರೆ ಆ ತಟ್ಟೆಯಲ್ಲಿ ಬರೀ ಕಡ್ಡಿ ಉಳಿದಿರುತ್ತಿತ್ತು. ಕೆಲವು ಸಲ ಸೊಪ್ಪು ಇದ್ದೂ ತಟ್ಟೆ ಮೌನವಾಗಿರುತ್ತಿತ್ತು. ಆಗ ಅವ್ವನ ಮುಖ ಬದಲಾಗುತ್ತಿತ್ತು. ಹುಳಕ್ಕೆ ರೋಗ ತಗಲಿದೆ ಎಂದು ಅರ್ಥ. ಆ ತಟ್ಟೆಯನ್ನು ಕೂಡಲೇ ಬೇರೆ ಮಾಡದಿದ್ದರೆ ಮನೆಯ ಹುಳವೆಲ್ಲ ಹೋಗುತ್ತದೆ. ಕಣ್ಣಿಗೆ ಕಾಣುವ ಮೊದಲೇ ಅವ್ವನ ಕಿವಿಗೆ ಅದು ತಿಳಿಯುತ್ತಿತ್ತು. ನಾನು ನೋಡಿದ ಮಟ್ಟಿಗೆ ಆ ಬೆರಳು ತಪ್ಪು ತಟ್ಟೆಯನ್ನು ತೋರಿಸಿದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಆದದ್ದೆಲ್ಲ ಆ ಕಿವಿಗೇ ಆದದ್ದು.

ಅವ್ವನಿಗೆ ಒಬ್ಬನೇ ಮಗ. ಶಿಡ್ಲಘಟ್ಟದ ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಮದರಾಸಿನಿಂದ ಅಂಚೆಯಲ್ಲಿ ಪಾಠ ತರಿಸಿಕೊಂಡು ಕಲಿತವರು. ಊರಿಗೆಲ್ಲ ಅವರು ರೇಡಿಯೋ ಅಣ್ಣ. ಬೆಸುಗೆ ಕಡ್ಡಿ ಹಿಡಿದು ಹಿಡಿದು ಅವರ ಬೆರಳ ತುದಿಗಳು ಹುಣಸೆ ಬೀಜದ ಹಾಗೆ ಗಟ್ಟಿಯಾಗಿದ್ದವು. ಒಲೆಯ ಕೆಂಡವನ್ನು ಬರಿಗೈಯಲ್ಲಿ ಎತ್ತಿ ಬೀಡಿ ಹಚ್ಚಿಕೊಳ್ಳುತ್ತಿದ್ದರು. ನನ್ನ ಶಾಲೆಯ ಮಕ್ಕಳಿಗೆ ಅದನ್ನು ನೋಡುವುದೇ ಒಂದು ಆಟ. ತಾಯಿಯೆಂದರೆ ಅವರಿಗೆ ಪ್ರಾಣ. ಶಿಡ್ಲಘಟ್ಟದಿಂದ ಬರುವಾಗ ಸೈಕಲ್ಲಿನ ಹಿಡಿಗೆ ಅವ್ವನಿಗೆಂದು ಒಂದು ಪೊಟ್ಟಣ ಎಲೆಅಡಿಕೆ ತೂಗದೇ ಇದ್ದ ದಿನ ನನಗೆ ನೆನಪಿಲ್ಲ.

ಊರಿನ ಭಜನೆ ಮಂದಿರದಲ್ಲಿ ಶನಿವಾರ ದೀಪ ಹಚ್ಚುವ ಹೊತ್ತಿಗೆ ಪುರಾಣ. ಪಕ್ಕದ ಹಳ್ಳಿಯಿಂದ ಶಾಸ್ತ್ರಿಗಳು ಬಂದು ಓದಿ ಅರ್ಥ ಹೇಳುತ್ತಿದ್ದರು. ಮಂದಿರ ಅಗಲ ಹೆಚ್ಚು, ಉದ್ದ ಕಡಿಮೆ. ಒಳಗೆ ಹೋದರೆ ಎದುರಿಗೆ ದೇವರ ಪಟ, ಅದರ ಕೆಳಗೆ ಶಾಸ್ತ್ರಿಗಳ ಮಣೆ. ಬಾಗಿಲಿನಿಂದ ಪಟದವರೆಗೆ ನಟ್ಟನಡುವೆ ಒಂದು ದಾರಿ. ಆ ದಾರಿಯಲ್ಲಿ ಯಾರೂ ಕೂರುವಂತಿಲ್ಲ. ದೇವರ ದೃಷ್ಟಿಗೆ ಅಡ್ಡ ಬರಬಾರದು ಎಂದು. ದಾರಿಯ ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು, ಎರಡು ಕಡೆಯೂ ಗೋಡೆಯವರೆಗೆ ಹರಡಿಕೊಂಡು. ಹೆಂಗಸರ ಕಡೆ, ದಾರಿಯಿಂದ ಗೋಡೆಯತ್ತ ಎಣಿಸಿದರೆ ಮೂರನೆಯ ಕಂಬದ ಪಕ್ಕ ಅವ್ವನ ಜಾಗ. ಕಂಬಕ್ಕೆ ಬೆನ್ನು ಒರಗಿಸಿ ಕಾಲು ನೀಡಬಹುದು, ಅದಕ್ಕೆ. ನಾನು ಅವರ ಪಕ್ಕ ಕೂರುತ್ತಿದ್ದೆ.

ಮೊದಲು ಅಲ್ಲಿ ಒಂದೇ ಒಂದು ಹಾರ್ನ್ ಇತ್ತು, ತಗಡಿನ ಹೂವಿನಂಥದ್ದು. ಶಾಸ್ತ್ರಿಗಳ ದನಿ ಅದರಲ್ಲಿ ಮೂಗಿನಿಂದ ಬಂದ ಹಾಗೆ ಕೀರಲಾಗುತ್ತಿತ್ತು. ಆದರೆ ಪ್ರತಿ ಮಾತೂ ತಿಳಿಯುತ್ತಿತ್ತು. ಅವ್ವ ಮನೆಗೆ ಬಂದು ಅಂದಿನ ಕಥೆಯನ್ನು ಸೊಪ್ಪು ಹೆಚ್ಚುತ್ತ ಸೊಸೆಗೆ ಪೂರ್ತಿ ಒಪ್ಪಿಸುತ್ತಿದ್ದರು.

ರೇಡಿಯೋ ಅಣ್ಣನಿಗೆ ಆ ಕೀರಲು ದನಿ ಆಗಿಬರಲಿಲ್ಲ. ದೇವರ ಕಥೆ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕೇಳಬಾರದು ಎನ್ನುತ್ತಿದ್ದರು. ಒಂದು ಬೇಸಿಗೆಯೆಲ್ಲ ಕೂತು ತಾವೇ ಒಂದು ಪೆಟ್ಟಿಗೆ ಕಟ್ಟಿದರು. ಹಲಸಿನ ಹಲಗೆಯ, ಒಬ್ಬ ಮನುಷ್ಯ ಮಲಗುವಷ್ಟು ಉದ್ದದ ಪೆಟ್ಟಿಗೆ. ಎರಡು ತುದಿಯಲ್ಲಿ ಎರಡು ದೊಡ್ಡ ಕಾಗದದ ಸ್ಪೀಕರ್, ಸರಿಯಾಗಿ ನಡುವೆ ಒಂದು ಚಿಕ್ಕದು. ಮುಂಭಾಗಕ್ಕೆ ಶಿಡ್ಲಘಟ್ಟದ ಬಿಳಿ ರೇಷ್ಮೆಯ ತೆಳುವಾದ ಹೊದಿಕೆ. ಅದನ್ನು ದೇವರ ಪಟದ ಕೆಳಗೆ, ಶಾಸ್ತ್ರಿಗಳ ಹಿಂದೆ, ಅಡ್ಡಲಾಗಿ ಇಟ್ಟರು. ಪಟದ ನಡುವಿನಿಂದ ದಾರ ಹಿಡಿದು ಎರಡು ಕಡೆಗೂ ಅಳೆದರು.

"ಒಂದು ನೂಲೆಳೆ ಆಚೀಚೆ ಆಗಿಲ್ಲ ನೋಡಿ ಟೀಚರಮ್ಮ. ಬಾಗಿಲ ಎರಡು ಕಡೆ ದ್ವಾರಪಾಲಕರು ನಿಂತ ಹಾಗೆ ಐತೆ."

"ದ್ವಾರಪಾಲಕರಲ್ಲಪ್ಪ, ಎರಡು ಕಣ್ಣು ಒಂದು ಮೂಗು. ಒಂದು ಮೀಸೆ ಬರೆದ್ಬಿಡು, ಥೇಟು ನಮ್ಮ ಶಾನುಭೋಗರೇ ಆಗ್ತಾರೆ" ಎಂದು ಹಿಂದಿನಿಂದ ಒಬ್ಬ ಹೆಂಗಸು ಅಂದಾಗ ಮಂದಿರವೆಲ್ಲ ನಕ್ಕಿತು. ರೇಡಿಯೋ ಅಣ್ಣನೂ ನಕ್ಕರು.

ಆ ಶನಿವಾರ ಅವರು ಬಾಗಿಲಲ್ಲಿ, ನಡುದಾರಿಯ ಈಚೆ ತುದಿಯಲ್ಲಿ, ಆಂಪ್ಲಿಫೈಯರಿನ ಗುಂಡಿ ಹಿಡಿದು ನಿಂತಿದ್ದರು. ಶಾಸ್ತ್ರಿಗಳು ಬಾಯಿ ತೆರೆದರು. ಎಂಥ ದನಿ! ಅದೇ ಶಾಸ್ತ್ರಿಗಳು, ಆದರೆ ಗಂಟಲಿನಲ್ಲಿ ತುಪ್ಪ ಸವರಿದ ಹಾಗೆ. ರೇಡಿಯೋ ಅಣ್ಣನ ಕಣ್ಣು ತುಂಬಿದ್ದು ನನಗೆ ಕೂತಲ್ಲಿಂದ ಕಾಣಿಸಿತು.

ಆದರೆ ಮಾತು ತಿಳಿಯಲಿಲ್ಲ. ದನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಒದ್ದೆ ಕಂಬಳಿಯ ಆಚೆ ಯಾರೋ ಮಾತಾಡಿದ ಹಾಗೆ. ಶಾಸ್ತ್ರಿಗಳು ಅಂದು ಕಠಿಣವಾದ ಭಾಗ ಹಿಡಿದಿದ್ದಾರೆ ಎಂದುಕೊಂಡು ಸುಮ್ಮನಿದ್ದೆ. ಅವ್ವ ನನ್ನ ಕಡೆ ವಾಲಿ, "ಏಮಮ್ಮಾ, ಏನಂದ್ರು?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಮಗ ತಾಯಿಯ ಕಾಲ ಬುಡದಲ್ಲಿ ಕೂತರು. "ಹೆಂಗಿತ್ತವ್ವ?"

"ಚೆನ್ನಾಗಿತ್ತು ಕಣಪ್ಪ. ಸ್ವರ ಅಂದ್ರೆ ಜೇನು." ಅವ್ವ ಸ್ವಲ್ಪ ತಡೆದರು. "ಮಾತೇ ತಿಳೀಲಿಲ್ಲ."

ಮಗನ ಮುಖ ಕಂದಿತು. ಸಿಟ್ಟಿನಿಂದಲ್ಲ, ಭಯದಿಂದ. ತಾನು ನಿಂತಲ್ಲಿ ಅಕ್ಷರ ಅಕ್ಷರವೂ ಕೇಳಿಸಿತ್ತು. ತಾಯಿಗೆ ಕೇಳಿಸಲಿಲ್ಲ. ಅಂದಮೇಲೆ... "ಅವ್ವಾ, ನಿಂಗೆ ಕಿವಿ ಮಂದ ಆಗ್ತಾ ಐತೆ" ಎಂದರು.

ಒಂದು ಮಾತು ಒಂದು ಮನೆಯಲ್ಲಿ ಹುಟ್ಟಿದರೆ ಹೇಗೆ ಬೆಳೆಯುತ್ತದೆ ಎಂಬುದನ್ನು ನಾನು ಗೋಡೆಯ ಈಚೆಯಿಂದ ಕೇಳಿದೆ. ಮೊದಲು ಮಗ ತಾಯಿಯ ಹತ್ತಿರ ಜೋರಾಗಿ ಮಾತಾಡತೊಡಗಿದರು. ಆಮೇಲೆ ಸೊಸೆ. ಆಮೇಲೆ ಹಾಲು ಹಾಕುವವನು, ಕೇರಿಯ ಮಕ್ಕಳು. ಅವ್ವ ಮೊದಮೊದಲು, "ಯಾಕ್ರೋ ಹಂಗೆ ಬಡ್ಕೋತೀರ, ನಾನೇನು ಅಂಬಾಜಿದುರ್ಗದ ಮೇಲೆ ಕೂತಿದೀನಾ?" ಎಂದು ರೇಗುತ್ತಿದ್ದರು. ಶನಿವಾರಗಳು ಕಳೆದವು. ಪ್ರತಿ ಶನಿವಾರವೂ ಮಾತು ತಿಳಿಯುತ್ತಿರಲಿಲ್ಲ. ಮೆಲ್ಲಗೆ ಅವರು ರೇಗುವುದನ್ನು ಬಿಟ್ಟರು. ಹುಳದ ಕೋಣೆಯ ಬಾಗಿಲಲ್ಲಿ ಬೆರಳು ಚಾಚಿದ ಮೇಲೂ, "ಅದೇನಾ? ನೋಡಮ್ಮ, ನನ್ನ ಕಿವಿ ನಂಬಬೇಡ" ಎನ್ನತೊಡಗಿದರು. ಬೆರಳು ಈಗಲೂ ಸರಿಯಾದ ತಟ್ಟೆಯನ್ನೇ ತೋರಿಸುತ್ತಿತ್ತು. ಅವರು ಮಾತ್ರ ಅದನ್ನು ನಂಬುತ್ತಿರಲಿಲ್ಲ.

ನನಗೆ ನೆಮ್ಮದಿ ಹೋಯಿತು. ಯಾಕೆಂದರೆ ನನ್ನ ಕೋಣೆಯಲ್ಲಿ ಒಲೆಯ ಮೇಲೆ ಹಾಲು ಏರುವಾಗ ಗೋಡೆಯ ಆಚೆಯಿಂದ ಅವ್ವನೇ, "ಟೀಚರಮ್ಮ, ಹಾಲು ಉಕ್ತಾ ಐತೆ" ಎಂದು ಕೂಗುತ್ತಿದ್ದರು. ಉಕ್ಕುವ ಹಾಲಿಗೆ ಎಷ್ಟು ಸದ್ದಿರುತ್ತದೆ? ಅದು ಕೇಳುವ ಕಿವಿ ಮಂದವೇ? ಪಕ್ಕದಲ್ಲಿ ಕೂತ ನನಗೂ ತಿಳಿಯುತ್ತಿರಲಿಲ್ಲವಲ್ಲ, ನಾನೂ ಕಿವುಡಿಯೇ?

ಬೇರೆ ಹೆಂಗಸರನ್ನು ಒಬ್ಬೊಬ್ಬರನ್ನೇ ಬಾವಿಯ ಹತ್ತಿರ ಕೇಳಿದೆ. ಒಬ್ಬಳು ತನಗೆ ಶಾಸ್ತ್ರಿಗಳ ಭಾಷೆ ಎಟುಕುವುದಿಲ್ಲ ಎಂದಳು. ಇನ್ನೊಬ್ಬಳು ಬಾಣಂತನದಲ್ಲಿ ತಲೆಗೆ ಗಾಳಿ ಹೊಕ್ಕಿದೆ ಎಂದಳು. ಮೂರನೆಯವಳು ಸುತ್ತ ನೋಡಿ ದನಿ ತಗ್ಗಿಸಿದಳು: "ದೇವ್ರ ಮುಂದೆ ಇಟ್ಟಿದ್ದನ್ನ ಕೊಂಕು ಆಡಬಾರ್ದು ಟೀಚರಮ್ಮ." ಎಲ್ಲರೂ ತಪ್ಪನ್ನು ತಮ್ಮ ಮೈಯಲ್ಲೇ ಹುಡುಕಿಕೊಂಡಿದ್ದರು. ಗಂಡಸರ ಕಡೆಯೂ ಮೂರನೆಯ ಕಂಬದ ಸುತ್ತ ಕೂತವರು ಶಾಸ್ತ್ರಿಗಳು ಬಾಯಿ ತೆರೆದ ಕೂಡಲೇ ತೂಕಡಿಸುತ್ತಿದ್ದರು. ಅದಕ್ಕೆ ಯಾರೂ ಕಿವಿಯ ದೋಷ ಎನ್ನಲಿಲ್ಲ. ಗದ್ದೆಯ ಆಯಾಸ ಎಂದರು.

ಮುಂದಿನ ಶನಿವಾರಗಳಲ್ಲಿ ನಾನು ಜಾಗ ಬದಲಿಸಿ ಕೂತೆ. ನಡುದಾರಿಯ ಅಂಚಿನಲ್ಲಿ ಕೂತಾಗ ಪ್ರತಿ ಮಾತೂ ಸ್ಪಷ್ಟ. ಎರಡನೆಯ ಕಂಬದ ಹತ್ತಿರ ಮಾತು ಮಸುಕು. ಮೂರನೆಯ ಕಂಬದಲ್ಲಿ ಸತ್ತೇಹೋಯಿತು. ಅದನ್ನು ದಾಟಿ ಗೋಡೆಯ ಕಡೆ ಸರಿದರೆ ಆಶ್ಚರ್ಯ, ಮತ್ತೆ ಸ್ವಲ್ಪ ತಿಳಿಯುತ್ತಿತ್ತು. ಮಾತು ದೂರಕ್ಕೆ ಹೋಗುತ್ತ ಕ್ಷೀಣಿಸುತ್ತಿರಲಿಲ್ಲ, ಪಟ್ಟೆಪಟ್ಟೆಯಾಗಿ ಬೀಳುತ್ತಿತ್ತು.

ಒಂದು ಶನಿವಾರ ಮಳೆಗೆ ಮಂದಿರದ ಹೆಂಚು ಸೋರಿತು. ಪೆಟ್ಟಿಗೆಯ ಒಂದು ತುದಿಗೆ ನೀರು ತೊಟ್ಟಿಕ್ಕುವುದನ್ನು ಕಂಡು ಯಾರೋ ಒಂದು ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಆ ತುದಿಯ ಮೇಲೆ ಮುಂದಕ್ಕೆ ಇಳಿಬಿಟ್ಟರು. ಆ ಕಡೆಯ ದೊಡ್ಡ ಸ್ಪೀಕರ್ ಮುಚ್ಚಿಹೋಯಿತು. ಮರುಕ್ಷಣ ಅವ್ವ ನೆಟ್ಟಗೆ ಕೂತರು. ನಾನೂ ಕೂತೆ. ಮಾತು ಬರುತ್ತಿತ್ತು! ದನಿ ಸಣ್ಣದಾಗಿತ್ತು, ಆದರೆ ಮಾತು ಬರುತ್ತಿತ್ತು. ನಮ್ಮ ಸುತ್ತ ಹೆಂಗಸರ ತಲೆಗಳು ಒಂದೊಂದೇ ಮೇಲೆದ್ದವು. ಅವ್ವ ನನ್ನ ಮೊಣಕೈ ಹಿಡಿದು ಒತ್ತಿದರು.

ಅಷ್ಟರಲ್ಲಿ ರೇಡಿಯೋ ಅಣ್ಣ ನಡುದಾರಿಯಲ್ಲಿ ಬೇಗ ಬೇಗ ನಡೆದುಹೋಗಿ ಕಂಬಳಿ ಎಳೆದುಹಾಕಿದರು. "ಯಾರ್ರೀ ಇದನ್ನ ಹಾಕಿದ್ದು? ದೇವ್ರ ಮುಂದೆ ಒಕ್ಕಣ್ಣು ಮಾಡಿ ಇಡ್ತೀರಾ? ಶುಭಾನಾ ಅದು?" ಎಂದರು. ಗಂಡಸರು ಹೌದೌದು ಎಂದರು. ಸೋರುವ ಕಡೆ ಒಂದು ಕೊಳಗ ಇಟ್ಟರು. ಮಾತು ಮತ್ತೆ ಹೋಯಿತು.

ನಾನು ಮಾರನೆಯ ದಿನವೇ ಹೇಳಿದೆ. ರೇಡಿಯೋ ಅಣ್ಣ ನನ್ನ ಮಾತನ್ನು ತಳ್ಳಿಹಾಕುವವರಲ್ಲ. "ಬನ್ನಿ ನೋಡೇ ಬಿಡಣ" ಎಂದು ಮಂದಿರಕ್ಕೆ ಕರೆದುಕೊಂಡು ಹೋದರು. ಪೂಜೆ ಮಾಡುವವರ ಕೈಗೆ ಮೈಕ್ ಕೊಟ್ಟು, ನನ್ನನ್ನು ನಡುದಾರಿಯಲ್ಲಿ ತಮ್ಮ ಪಕ್ಕ ನಿಲ್ಲಿಸಿಕೊಂಡರು. ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಕೇಳಿಸಿತು.

"ಎಲ್ಲೈತೆ ಹೇಳಿ ತಪ್ಪು?"

"ಇಲ್ಲಲ್ಲ ಅಣ್ಣ. ಅಲ್ಲಿ, ಅವ್ವ ಕೂರೋ ಕಡೆ ಕೂತು ಕೇಳಿ."

ಅವರು ಗಂಭೀರವಾಗಿ ನನ್ನನ್ನು ನೋಡಿದರು, ಆಮೇಲೆ ನಕ್ಕುಬಿಟ್ಟರು. "ಹೆಂಗಸ್ರ ಜಾಗದಲ್ಲಿ ನಾನು ಹೋಗಿ ಕೂತ್ಕೊಳ್ಳೋದಾ? ನಾಳೆ ಊರಲ್ಲಿ ತಲೆ ಎತ್ತಿ ಓಡಾಡೋದು ಬೇಡ್ವಾ ಟೀಚರಮ್ಮ?" ಪೂಜೆ ಮಾಡುವವರೂ ನಕ್ಕರು. ಹಾಗಾದರೆ ಗಂಡಸರ ಕಡೆಯ ಮೂರನೆಯ ಕಂಬಕ್ಕೆ ಹೋಗಿ ಎಂದೆ. ಅಲ್ಲಿ ಯಾರೂ ದೂರಿಲ್ಲವಲ್ಲ, ಯಾಕೆ ಎಂದರು. ಹೊರಡುವಾಗ ಅವರ ದನಿ ಮೆತ್ತಗಾಯಿತು. "ನಮ್ಮವ್ವಂಗೆ ಕೇಳ್ಬೇಕು, ಅಷ್ಟೇ ನಂಗೆ ಬೇಕಾಗಿರೋದು. ಇನ್ನೆರಡು ಸ್ಪೀಕರ್ ಹಾಕ್ತೀನಿ."

ಹಾಕಿದರು. ಎಡಕ್ಕೆ ಒಂದು, ಬಲಕ್ಕೆ ಒಂದು, ಮತ್ತೆ ದಾರ ಹಿಡಿದು ಅಳೆದು. ಪೆಟ್ಟಿಗೆ ಇನ್ನೂ ಉದ್ದವಾಯಿತು. ದನಿ ಇನ್ನೂ ತುಂಬಿಕೊಂಡಿತು. ಈಗ ಎರಡನೆಯ ಕಂಬದಲ್ಲಿ ಕೂತವರಿಗೂ ಮಾತು ಸಿಗಲಿಲ್ಲ. ಅವ್ವ ಮಗನಿಗೆ, "ಈಗ ಪರವಾಗಿಲ್ಲ ಕಣಪ್ಪ" ಎಂದು ಸುಳ್ಳು ಹೇಳಿದರು. ಮಗನಿಗೆ ಅದು ಸುಳ್ಳೆಂದು ತಿಳಿಯಿತು. ಅವರು ಔಷಧ ಹುಡುಕತೊಡಗಿದರು.

ಜಂಗಮಕೋಟೆಯ ಕಡೆಯ ಯಾರೋ ಹೇಳಿದ್ದರಂತೆ, ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಬಿಸಿಬಿಸಿಯಾಗಿ ಬಿಟ್ಟರೆ ಒಳಗಿನ ಅಡಚಣೆ ಕರಗುತ್ತದೆ ಎಂದು. ಅದೊಂದು ಭಾನುವಾರ ಮಧ್ಯಾಹ್ನ. ನಾನು ನನ್ನ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ. ಅವ್ವ ಜಗಲಿಯ ಮೇಲೆ ಎಡಮಗ್ಗುಲಾಗಿ ಮಲಗಿ ಮಗನ ತೊಡೆಯ ಮೇಲೆ ತಲೆ ಇಟ್ಟಿದ್ದರು. ಬಲಗಿವಿ ಮೇಲಕ್ಕೆ. ಸೊಸೆ ಒಳಗಿನಿಂದ ತಾಮ್ರದ ಸೌಟು ತಂದು ಕೊಟ್ಟಳು. ಬೆಳ್ಳುಳ್ಳಿಯ ಎಸಳು ಕಂದಾಗಿತ್ತು. ಎಣ್ಣೆಯಲ್ಲಿ ಗುಳ್ಳೆ ಆಗ ತಾನೇ ನಿಂತಿತ್ತು. ಮಗ ಸೌಟಿನಲ್ಲಿ ಬೆರಳು ಅದ್ದಿ ನೋಡಿದರು.

"ಅಣ್ಣ, ಬಿಸಿ ಹೆಚ್ಚಾಗಿಲ್ಲ ತಾನೇ?" ಎಂದು ಕೇಳಿದೆ.

ಅವರು ಮತ್ತೊಮ್ಮೆ ಅದ್ದಿದರು. ಎಣ್ಣೆ ಹೊಳೆಯುವ ಬೆರಳನ್ನು ನನ್ನ ಕಡೆ ಎತ್ತಿ ತೋರಿಸಿದರು. "ಇಲ್ಲ ಟೀಚರಮ್ಮ, ಬೆಚ್ಚಗೈತೆ ಅಷ್ಟೇ."

ಕೆಂಡ ಎತ್ತುವ ಬೆರಳು ಅದು.

ಆಮೇಲಿನದು... ಅವ್ವ ಕೂಗಿದ ಕೂಗು ನನಗೆ ಈಗಲೂ ಕೇಳಿಸುತ್ತದೆ. ಅದನ್ನು ಬರೆಯಲು ಬರುವುದಿಲ್ಲ. ನನ್ನ ತೊಡೆಯ ಮೇಲಿದ್ದ ಮೊರ ಬಿದ್ದು ಅಕ್ಕಿಯೆಲ್ಲ ಅಂಗಳದ ತುಂಬ ಚೆಲ್ಲಿತು. ಮಗ ತಾಯಿಯ ತಲೆಯನ್ನು ಎದೆಗೆ ಅವುಚಿಕೊಂಡು, "ಅವ್ವಾ, ಬೆಚ್ಚಗಿತ್ತು ಅವ್ವಾ, ಬೆಚ್ಚಗಿತ್ತು" ಎಂದು ಅದನ್ನೇ ಹೇಳುತ್ತಿದ್ದರು.

ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಸೊಸೆ ಹುಳ ಬಿಟ್ಟು ಬರುವಂತಿರಲಿಲ್ಲ. ಡಾಕ್ಟರು ವಯಸ್ಸಾದವರು, ನಿಧಾನದವರು. ಬಲಗಿವಿಗೆ ಮಾಡಬೇಕಾದ್ದನ್ನು ಮಾಡಿ ಮುಗಿಸಿದ ಮೇಲೆ ಕೈಗಡಿಯಾರ ಬಿಚ್ಚಿ ಅವ್ವನ ಎಡಗಿವಿಯ ಹತ್ತಿರ ಹಿಡಿದರು. ಕೇಳುತ್ತದೆ ಎಂದು ಅವ್ವ ತಲೆಯಾಡಿಸಿದರು. ಸ್ವಲ್ಪ ದೂರ ಸರಿಸಿದರು. ಕೇಳುತ್ತದೆ. ಇನ್ನೂ ದೂರ. ಆಗಲೂ ಕೇಳುತ್ತದೆ. ಡಾಕ್ಟರು ಗಡಿಯಾರವನ್ನು ಕೈಗೆ ಕಟ್ಟಿಕೊಳ್ಳದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

"ಈ ಕಿವೀಲಿ ಯಾವ ದೋಷವೂ ಇಲ್ಲ. ಈ ವಯಸ್ಸಿಗೆ ಬಹಳ ಚೆನ್ನಾಗಿದೆ. ಸುಟ್ಟುಹೋದ ಆ ಕಿವಿಯೂ ಮೊದಲು ಹೀಗೇ ಇದ್ದಿರಬೇಕು. ಅಜ್ಜಿ, ನಿಮಗೆ ಕಿವುಡು ಅಂತ ಹೇಳಿದ್ದು ಯಾರು?"

ಮಗ ಗೋಡೆಗೆ ಆನಿಕೊಂಡು ನಿಂತಿದ್ದರು. ಅವ್ವ ಆ ಕಡೆ ನೋಡಲಿಲ್ಲ.

"ಯಾರೂ ಹೇಳಿಲ್ಲ ಸ್ವಾಮಿ" ಎಂದರು. "ನಾನೇ ಅಂದ್ಕೊಂಡೆ."

ಊರು ಮುಟ್ಟಿ ಒಂದು ವಾರವಾಗಿರಬಹುದು, ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ರೇಡಿಯೋ ಅಣ್ಣ ಬಂದು, ಸ್ವಲ್ಪ ಮಂದಿರಕ್ಕೆ ಬರುತ್ತೀರಾ ಎಂದು ಕೇಳಿದರು. ಹೋದಾಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಮೈಕ್ ನನ್ನ ಕೈಗೆ ಕೊಟ್ಟರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ನಡುದಾರಿಯನ್ನು ದಾಟಿ, ಹೆಂಗಸರ ಕಡೆಗೆ ಹೋದರು. ಮೂರನೆಯ ಕಂಬಕ್ಕೆ ಬೆನ್ನು ಒರಗಿಸಿ, ಅವ್ವ ಕೂರುವ ಹಾಗೆಯೇ ಕಾಲು ನೀಡಿ ಕೂತರು.

"ಏನಾದ್ರೂ ಓದಿ."

ನನ್ನ ಹತ್ತಿರ ಏನೂ ಇರಲಿಲ್ಲ. ಹದಿಮೂರರ ಮಗ್ಗಿ ಹೇಳಿದೆ. ಮುಗಿಸಿ ಮತ್ತೆ ಹೇಳಿದೆ. ಅವರು ಕೂತಲ್ಲಿಂದಲೇ ಅಂಡು ಸರಿಸುತ್ತ ಸರಿಸುತ್ತ ಎರಡನೆಯ ಕಂಬಕ್ಕೆ ಬಂದರು, ಒಂದನೆಯದಕ್ಕೆ ಬಂದರು, ಮತ್ತೆ ಮೂರನೆಯದಕ್ಕೆ ಹಿಂದಿರುಗಿದರು. ಆಮೇಲೆ ಎದ್ದು ಬಂದು, ನನ್ನ ಕಡೆ ನೋಡದೆ, ಆ ಉದ್ದನೆಯ ಪೆಟ್ಟಿಗೆಯನ್ನು ಒಬ್ಬರೇ ಎತ್ತಿ ನೆಟ್ಟಗೆ ನಿಲ್ಲಿಸಿದರು. ಅಡ್ಡಲಾಗಿ ಮಲಗಿದ್ದ ಸ್ಪೀಕರುಗಳು ಈಗ ಒಂದರ ಮೇಲೊಂದು ನಿಂತವು. ಬೀಳದಂತೆ ಗೋಡೆಯ ಗೂಟಕ್ಕೆ ಬಿಗಿ ಹಗ್ಗ ಕಟ್ಟಿದರು. ಮತ್ತೆ ಹೋಗಿ ಕಂಬದ ಪಕ್ಕ ಕೂತರು.

ನಾನು ಮತ್ತೆ ಮಗ್ಗಿ ಹೇಳಿದೆ. ಹದಿಮೂರು ಮೂರಲಿ ಮೂವತ್ತೊಂಬತ್ತು ಎನ್ನುವಷ್ಟರಲ್ಲಿ ಅವರು ಎರಡು ಕೈಯಿಂದ ಮುಖ ಮುಚ್ಚಿಕೊಂಡರು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಆ ಮೌನದಲ್ಲಿ ಏನು ಮಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ.

ಆಮೇಲೆ ಯಾವಾಗಲೋ, ಕೆರೆಯ ಏರಿಯ ಮೇಲೆ ಕೂತಿದ್ದಾಗ, ಅವರೇ ಎರಡು ಕಲ್ಲನ್ನು ಒಟ್ಟಿಗೆ ನೀರಿಗೆ ಹಾಕಿ ನನಗೆ ತೋರಿಸಿದರು. ಎರಡರ ಅಲೆಗಳೂ ಹರಡಿ ಒಂದನ್ನೊಂದು ದಾಟುವಾಗ ನಡುವಿನ ಗೆರೆಯಲ್ಲಿ ನೀರು ಇಮ್ಮಡಿ ಏಳುತ್ತದೆ. ಪಕ್ಕದಲ್ಲಿ ಕೆಲವು ಕಡೆ ಒಂದರ ಏರು ಇನ್ನೊಂದರ ಇಳಿತಕ್ಕೆ ಬಿದ್ದು ನೀರು ಅಲ್ಲಾಡದೆ ನಿಲ್ಲುತ್ತದೆ. ಜೋಡಿ ಸ್ಪೀಕರಿನ ಮಾತೂ ಹಾಗೇ. ನಡುವಿನಲ್ಲಿರುವವರಿಗೆ ಎರಡೂ ಒಟ್ಟಿಗೆ ಮುಟ್ಟುತ್ತವೆ. ಪಕ್ಕದವರಿಗೆ ಒಂದು ಮೊದಲು, ಇನ್ನೊಂದು ಕೂದಲೆಳೆಯಷ್ಟು ತಡ. ಆ ಕೂದಲೆಳೆಯಲ್ಲಿ ಮಾತು ಸಾಯುತ್ತದೆ. ಪೆಟ್ಟಿಗೆ ನೆಟ್ಟಗೆ ನಿಂತರೆ ಪಕ್ಕದವರಿಗೂ ಎಲ್ಲವೂ ಒಂದೇ ದೂರ. "ನಾನು ನಡೂಲೇ ನಿಂತು ನಿಂತು ನೋಡ್ದೆ ಟೀಚರಮ್ಮ" ಎಂದರು. "ನಡೂಲಿ ಯಾರೂ ಕೂರೋದೇ ಇಲ್ಲ."

ನಾನು ಮಗ್ಗಿ ಹೇಳಿದ ವಾರದ ಶನಿವಾರ ಪೆಟ್ಟಿಗೆ ಪಟದ ಒಂದು ಪಕ್ಕಕ್ಕೆ ಒಂಟಿಯಾಗಿ ನಿಂತಿತ್ತು. ಒಂಟಿ ಕಾಲಿನ ಕೊಕ್ಕರೆ ಎಂದು ಗಂಡಸರು ಗೊಣಗಿದರು. ಮೀಸೆ ಬರೆಯಲು ಹೇಳಿದ್ದ ಆ ಹೆಂಗಸು, "ನಮ್ ಶಾಸ್ತ್ರಿಗಳು ಹಲ್ಲು ಕಟ್ಟಿಸ್ಕೊಂಡು ಬಂದವ್ರೆ ಕಣ್ರೇ, ಮಾತೆಲ್ಲಾ ಬಿಡಿಬಿಡಿಯಾಗಿ ಉದುರ್ತಾ ಐತೆ" ಎಂದಳು. ಅವ್ವ ತಲೆಗೆ ಬಟ್ಟೆ ಕಟ್ಟಿಕೊಂಡು ಬಂದಿದ್ದರು. ಎಡಗಿವಿಯನ್ನು ಮುಂದಕ್ಕೆ ಮಾಡಿ ಕೂತು ಪೂರ್ತಿ ಕಥೆ ಕೇಳಿದರು. ಮನೆಗೆ ಬಂದು ಸೊಸೆಗೆ ಒಪ್ಪಿಸಿದರು ಕೂಡ. ಮಗನಿಗೆ, "ಎಲ್ಲಾ ತಿಳೀತು ಕಣಪ್ಪ" ಎಂದರು. ಈ ಸಲ ಅದು ನಿಜವಾಗಿತ್ತು.

ಆದರೆ ಆ ವಾರವೇ ಹುಳ ನಾಲ್ಕನೆಯ ಜ್ವರ ಎದ್ದಿತ್ತು. ಅವ್ವ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿದರು. ತಲೆಯನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಬೆರಳು ಮೇಲೆದ್ದಿತು. ಎತ್ತ ಚಾಚಬೇಕೆಂದು ತಿಳಿಯದೆ ಗಾಳಿಯಲ್ಲಿ ಅಡ್ಡಾಡಿ ಕೆಳಗಿಳಿಯಿತು.

"ಕೇಳ್ತದೆ ಕಣಮ್ಮ" ಎಂದರು ನನಗೆ. "ಎಲ್ಲಿಂದ ಅಂತ ಗೊತ್ತಾಗ್ತಿಲ್ಲ. ಎಲ್ಲಾ ತಟ್ಟೆನೂ ಒಂದೇ ಕಡೆಯಿಂದ ಕೇಳ್ತವೆ."

ಒಂದು ದಿನ ಅವರ ಹಿಂದೆ ನಿಂತು ಬಲಗಡೆಯಲ್ಲಿ ಒಣಸೊಪ್ಪು ಉಜ್ಜಿ ನೋಡಿದೆ. ಅವರು ಎಡಕ್ಕೆ ತಿರುಗಿದರು. ತಿರುಗಿ ನನ್ನನ್ನು ಕಾಣದೆ ಸ್ವಲ್ಪ ಹೊತ್ತು ಹಾಗೇ ನಿಂತರು... ಮತ್ತೆ ಆ ಪರೀಕ್ಷೆ ಮಾಡಲಿಲ್ಲ.

ಅಲ್ಲಿಂದ ಮುಂದೆ ರೇಡಿಯೋ ಅಣ್ಣ ಬೆಳಿಗ್ಗೆ ಅಂಗಡಿಗೆ ಹೊರಡುವ ಮೊದಲು, ಸಂಜೆ ಬಂದ ಕೂಡಲೇ, ಒಂದೊಂದು ತಟ್ಟೆಗೂ ಬಗ್ಗಿ ಕಿವಿ ಕೊಡುತ್ತಿದ್ದರು. ಅವ್ವ ಬಾಗಿಲಲ್ಲಿ ಕೂತು ನೋಡುತ್ತಿದ್ದರು. "ಇದು ಸರಿಯಾಗಿ ಮೇಯ್ತಾ ಐತಾ ಅವ್ವ?" ಎಂದು ಮಗ ಕೇಳಿದರೆ, "ನೀನೇ ಕೇಳಪ್ಪ, ಕಲ್ತ್ಕೋ" ಎನ್ನುತ್ತಿದ್ದರು. ಮಗನಿಗೆ ಅದು ಒಲಿಯಲಿಲ್ಲ. ಅದರ ಮುಂದಿನ ಬೆಳೆಯಲ್ಲಿ ಮೂಲೆಯ ಒಂದು ತಟ್ಟೆ ಮೌನವಾದದ್ದು ಯಾರಿಗೂ ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಕೋಣೆಯೆಲ್ಲ ಮೌನವಾಗಿತ್ತು. ಗೋಡೆಯ ಈಚೆ ನನ್ನ ಕೋಣೆಯಲ್ಲಿ ಮಳೆ ನಿಂತುಹೋದ ಹಾಗಾಯಿತು. ಅವ್ವ ಯಾರನ್ನೂ ಬೈಯಲಿಲ್ಲ. ಸತ್ತ ಹುಳವನ್ನು ತಾವೇ ಗುಡಿಸಿ ಹೊಲದ ಅಂಚಿನಲ್ಲಿ ಹೂಳಿಸಿದರು.

ಅರವತ್ತರ ದಶಕದ ಆರಂಭದಲ್ಲಿ ನನಗೆ ಗೌರಿಬಿದನೂರಿಗೆ ವರ್ಗವಾಯಿತು. ಹೊರಡುವ ದಿನ ಅವ್ವ ನನ್ನ ಬಲಕ್ಕೆ ಬಂದು ನಿಂತು, "ಈ ಕಡೆ ಮಾತಾಡಮ್ಮ" ಎಂದರು. ನಾನು ಏನು ಮಾತಾಡಿದೆನೋ ನೆನಪಿಲ್ಲ. ಕೆಲವು ವರ್ಷದ ಮೇಲೆ ಅವರು ಹೋದರೆಂದು ಬಸ್ಸಿನಲ್ಲಿ ಸಿಕ್ಕ ಮೇಲೂರಿನ ಹಳೆಯ ಶಿಷ್ಯೆಯೊಬ್ಬಳು ಹೇಳಿದಳು. ಮಗ ಅಂಗಡಿ ನಡೆಸುತ್ತಲೇ ಇದ್ದಾರೆ, ಹುಳ ಸಾಕುವುದನ್ನು ಬಿಟ್ಟಿದ್ದಾರೆ ಎಂದಳು. ಮಂದಿರದ ಪೆಟ್ಟಿಗೆ? ಕೇಳಬೇಕೆಂದುಕೊಂಡೆ. ಅವಳು ಇಳಿಯುವ ಊರು ಬಂದಿತ್ತು.

ಮೊನ್ನೆ ನನ್ನ ಸೊಸೆ ಒಲೆ ಆರಿಸಿದಳು. ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗೋಣ ಎಂದಾಯಿತು. ಮೊಮ್ಮಗಳನ್ನು ಮಂಚದ ಮೇಲೆ ಕೂರಿಸಿ, "ಕಣ್ಣು ಮುಚ್ಕೊ ಪುಟ್ಟಿ. ಸದ್ದು ಎಲ್ಲಿ ಅಂತ ಬೆರಳು ತೋರಿಸು" ಎಂದೆ. ಅವಳ ಹಿಂದೆ ನಿಂತು ಬಲಗಿವಿಯ ಪಕ್ಕ ಎರಡು ಬೆರಳು ಉಜ್ಜಿದೆ. ಬಲಕ್ಕೆ ತೋರಿಸಿದಳು. ಎಡಕ್ಕೆ ಉಜ್ಜಿದೆ. ಎಡಕ್ಕೆ ತೋರಿಸಿದಳು. ಮತ್ತೆ ಬಲಕ್ಕೆ. ಮತ್ತೆ ಎಡಕ್ಕೆ. ನನಗೆ ನಿಲ್ಲಿಸಲಾಗಲಿಲ್ಲ.

"ಸಾಕು ಅಜ್ಜಿ, ನಂಗೆ ನೋಯ್ತಾ ಇದೆ, ನಿಂಗೆ ಆಟ!" ಎಂದು ಅವಳು ಸಿಡುಕಿದಳು.

"ಇನ್ನೊಂದೇ ಸಲ" ಎಂದೆ. ಈ ಸಲ ಅವಳ ತಲೆಯಿಂದ ಮೇಲೆ, ಸ್ವಲ್ಪ ಎಡಕ್ಕೆ, ಕೈ ಎತ್ತರಿಸಿ ಉಜ್ಜಿದೆ. ಮುಚ್ಚಿದ ಕಣ್ಣಿನಲ್ಲೇ ಅವಳ ಪುಟ್ಟ ಬೆರಳು ಅನುಮಾನವಿಲ್ಲದೆ ಮೇಲೆದ್ದು ನನ್ನ ಕೈ ಇದ್ದಲ್ಲಿಗೇ ಚಾಚಿ ನಿಂತಿತು... ಮೇಲಿಂದ ಎರಡನೆಯ ತಟ್ಟೆ ಇರುತ್ತಿದ್ದ ಎತ್ತರಕ್ಕೆ.